ಕಿರೀಟ ಮತ್ತು ಉತ್ತರ: ಭಾರತ ಸುಂದರಿ ಸ್ಪರ್ಧೆಯ ಚರಿತ್ರೆಯ ಒಂದು ಮರುಓದು

ಸೌಂದರ್ಯ ಸ್ಪರ್ಧೆಗಳನ್ನು ಕುರಿತ ಕನ್ನಡದ ಚರ್ಚೆ ಸಾಮಾನ್ಯವಾಗಿ 1996ರ ನವೆಂಬರ್ ತಿಂಗಳಿನಿಂದ ಆರಂಭವಾಗುತ್ತದೆ. ಬಹುಮಟ್ಟಿಗೆ ಅಲ್ಲಿಯೇ ಮುಗಿಯುತ್ತದೆ. ಆ ತಿಂಗಳ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಯಿತು. ಅದಕ್ಕೂ ಮುಂಚಿನ ಕೆಲವು ತಿಂಗಳುಗಳಲ್ಲಿ ರೈತ ಸಂಘಟನೆಗಳು, ಮಹಿಳಾ ಸಂಘಟನೆಗಳು, ರಾಜಕೀಯ ಪಕ್ಷಗಳು ಅದನ್ನು ಕುರಿತು ಆಡಿದ ಮಾತುಗಳು ಅಪಾರ. ಅಂದು ರೂಪುಗೊಂಡ ವಾದಗಳನ್ನೇ ಕನ್ನಡದ ಸಂಸ್ಕೃತಿ ಚಿಂತನೆ ಇಂದಿಗೂ ಪುನರಾವರ್ತಿಸುತ್ತ ಬಂದಿದೆ. ಒಂದು ವಾದದ ಪ್ರಕಾರ ಇಂತಹ ಸ್ಪರ್ಧೆ ನಮ್ಮ ಸಂಸ್ಕೃತಿಗೆ ಎರವಾದದ್ದು. ಇನ್ನೊಂದರ ಪ್ರಕಾರ ಅದು ಬಹುರಾಷ್ಟ್ರೀಯ ಬಂಡವಾಳದ ಹುನ್ನಾರ. ಮತ್ತೊಂದರ ಪ್ರಕಾರ ಹೆಣ್ಣಿನ ದೇಹವನ್ನು ಸರಕಾಗಿಸುವ ಪುರುಷಪ್ರಧಾನ ವ್ಯವಸ್ಥೆಯ ಮುಂದುವರಿಕೆ. ಈ ಮೂರರಲ್ಲಿ ಕೊನೆಯ ಎರಡಕ್ಕೆ ಬಲವಾದ ಆಧಾರಗಳಿವೆ. ಆದರೆ ಮೂರಕ್ಕೂ ಸಮಾನವಾದ ಒಂದು ಕೊರತೆಯೂ ಇದೆ. ವೇದಿಕೆಯ ಮೇಲೆ ನಿಂತ ಹೆಣ್ಣು ಏನು ಹೇಳಿದಳು, ಅಲ್ಲಿಂದ ಇಳಿದ ಮೇಲೆ ಏನಾದಳು ಎಂಬುದನ್ನು ಯಾವ ವಾದವೂ ವಿಚಾರಿಸಲಿಲ್ಲ.

ಭಾರತ ಸುಂದರಿ ಸ್ಪರ್ಧೆಯ ಚರಿತ್ರೆಯನ್ನು ಗೆದ್ದವರ ಪಟ್ಟಿಯಾಗಿ ನೋಡದೆ, ಗೆದ್ದವರಿಗೆ ಇದ್ದ ಅವಕಾಶ ಮತ್ತು ಅವರಾಡಿದ ಮಾತುಗಳ ಚರಿತ್ರೆಯಾಗಿ ಓದುವುದು ಪ್ರಸ್ತುತ ಲೇಖನದ ಉದ್ದೇಶ. ಹಾಗೆ ಓದಿದಾಗ ಒಂದು ವೈರುಧ್ಯ ಎದ್ದು ಕಾಣುತ್ತದೆ. ಆರಂಭದಲ್ಲಿ ತಾಯಂದಿರಿಗೆ ಕಿರೀಟ ತೊಡಿಸಿದ ಸ್ಪರ್ಧೆ, ಬೆಳೆದಂತೆ ತಾಯಂದಿರನ್ನು ಹೊರಗಿಟ್ಟಿತು. ಹೊರಗಿಟ್ಟ ಮೇಲೆ ತಾಯ್ತನವನ್ನು ಹೊಗಳಿದ ಉತ್ತರಗಳಿಗೆ ಕಿರೀಟ ತೊಡಿಸಿತು.

ಮೊದಲ ಕಿರೀಟಗಳು

1947ರಲ್ಲಿ ಮೊದಲ ಭಾರತ ಸುಂದರಿಯಾಗಿ ಆಯ್ಕೆಯಾದವರು ಎಸ್ತರ್ ವಿಕ್ಟೋರಿಯಾ ಅಬ್ರಹಾಂ. ಕಲ್ಕತ್ತೆಯ ಬಾಗ್ದಾದಿ ಯಹೂದಿ ಕುಟುಂಬದಲ್ಲಿ 1916ರಲ್ಲಿ ಹುಟ್ಟಿದ ಇವರು ಪ್ರಮೀಳಾ ಎಂಬ ಹೆಸರಿನಿಂದ ಹಿಂದಿ ಚಲನಚಿತ್ರಗಳಲ್ಲಿ ಅಭಿನಯಿಸುತ್ತಿದ್ದರು. ಸಿಲ್ವರ್ ಫಿಲಂಸ್ ಎಂಬ ಸಂಸ್ಥೆಯ ಮೂಲಕ ಚಿತ್ರ ನಿರ್ಮಾಪಕಿಯೂ ಆದರು. ಕಿರೀಟ ಧರಿಸಿದಾಗ ಅವರಿಗೆ ಮೂವತ್ತು ತುಂಬಿತ್ತು. ಅವರು ಮಕ್ಕಳ ತಾಯಿ. ಆ ಸಮಯದಲ್ಲಿ ಮತ್ತೆ ಗರ್ಭಿಣಿಯಾಗಿದ್ದರೆಂದೂ ಅವರ ಬದುಕನ್ನು ಬರೆದವರು ದಾಖಲಿಸಿದ್ದಾರೆ. ಇಪ್ಪತ್ತು ವರ್ಷಗಳ ನಂತರ, 1967ರಲ್ಲಿ, ಅವರ ಮಗಳು ನಕಿ ಜಹಾನ್ ಈವ್ಸ್ ವೀಕ್ಲಿ ಪತ್ರಿಕೆಯ ಭಾರತ ಸುಂದರಿ ಸ್ಪರ್ಧೆಯಲ್ಲಿ ಗೆದ್ದರು.

1952ರ ಭಾರತ ಸುಂದರಿ ಇಂದ್ರಾಣಿ ರೆಹಮಾನ್. ಅಮೆರಿಕದಿಂದ ಬಂದು ಭಾರತೀಯ ನೃತ್ಯಕ್ಕೆ ತಮ್ಮನ್ನು ಒಪ್ಪಿಸಿಕೊಂಡ ರಾಗಿಣಿ ದೇವಿ ಇವರ ತಾಯಿ. ವಾಸ್ತುಶಿಲ್ಪಿ ಹಬೀಬ್ ರೆಹಮಾನ್ ಇವರ ಪತಿ. ಸ್ಪರ್ಧೆಯ ಹೊತ್ತಿಗೆ ಇಂದ್ರಾಣಿ ವಿವಾಹಿತೆಯಷ್ಟೇ ಅಲ್ಲ, ತಾಯಿಯೂ ಆಗಿದ್ದರು. ಅದೇ ವರ್ಷ ಅಮೆರಿಕದ ಲಾಂಗ್ ಬೀಚ್ ನಗರದಲ್ಲಿ ನಡೆದ ಮೊತ್ತಮೊದಲ ಭುವನಸುಂದರಿ ಸ್ಪರ್ಧೆಯಲ್ಲಿ ಅವರು ಭಾರತವನ್ನು ಪ್ರತಿನಿಧಿಸಿದರು. ಆದರೆ ಅವರನ್ನು ಇಂದು ಯಾರಾದರೂ ನೆನೆಯುವುದಾದರೆ ಅದು ಕಿರೀಟಕ್ಕಾಗಿ ಅಲ್ಲ. ಭರತನಾಟ್ಯ, ಕೂಚಿಪುಡಿಗಳ ಜೊತೆಗೆ ಒಡಿಸ್ಸಿಯನ್ನು ದೇಶವಿದೇಶಗಳ ರಂಗಕ್ಕೆ ಕೊಂಡೊಯ್ದ ಕಲಾವಿದೆಯಾಗಿ ಅವರು ಉಳಿದಿದ್ದಾರೆ. 1969ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು.

1966ರಲ್ಲಿ ಲಂಡನ್ನಿನಲ್ಲಿ ವಿಶ್ವಸುಂದರಿ ಪಟ್ಟ ಗೆದ್ದ ರೀಟಾ ಫರಿಯಾ, ಆ ಪಟ್ಟ ಪಡೆದ ಏಷ್ಯಾದ ಮೊದಲ ಮಹಿಳೆ. ಗೋವಾ ಮೂಲದ ಕುಟುಂಬದಿಂದ ಬಂದ ಅವರು ಆಗ ಮುಂಬಯಿಯ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿ. ಎರವಲು ಪಡೆದ ಉಡುಪುಗಳೊಡನೆ ಲಂಡನ್ನಿಗೆ ಹೊರಟಿದ್ದನ್ನು ಅವರೇ ನಂತರ ಹೇಳಿಕೊಂಡಿದ್ದಾರೆ. ಗೆದ್ದ ಮರುತಿಂಗಳು ಹಾಸ್ಯನಟ ಬಾಬ್ ಹೋಪ್ ಅವರ ತಂಡದೊಡನೆ ವಿಯೆಟ್ನಾಮಿಗೆ ಹೋಗಿ ಅಮೆರಿಕದ ಸೈನಿಕರನ್ನು ರಂಜಿಸುವ ಕಾರ್ಯಕ್ರಮದಲ್ಲಿ ಭಾಗವಹಿಸಬೇಕಾಯಿತು. ಅಮೆರಿಕದ ಯುದ್ಧವನ್ನು ಒಪ್ಪದಿದ್ದ ಭಾರತದಲ್ಲಿ ಅದು ವಿವಾದವಾಯಿತು. ಸುಂದರಿಯೊಬ್ಬಳ ಮುಖವನ್ನು ಯುದ್ಧವೂ ಬಳಸಿಕೊಳ್ಳಬಲ್ಲದು ಎಂಬುದಕ್ಕೆ ಇದೊಂದು ನಿದರ್ಶನ. ಆದರೆ ಕರಾರಿನ ಒಂದು ವರ್ಷ ಮುಗಿಯುತ್ತಿದ್ದಂತೆ ರೀಟಾ ಫರಿಯಾ ರೂಪದರ್ಶಿಯ ವೃತ್ತಿಯನ್ನೂ ಚಲನಚಿತ್ರದ ಆಹ್ವಾನಗಳನ್ನೂ ನಿರಾಕರಿಸಿದರು. ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯಲ್ಲಿ ವ್ಯಾಸಂಗ ಮುಂದುವರಿಸಿ ವೈದ್ಯೆಯಾದರು. ಮುಂದೆ ಡಬ್ಲಿನ್‌ನಲ್ಲಿ ನೆಲೆಸಿದರು.

ಒಬ್ಬ ನಿರ್ಮಾಪಕಿ, ಒಬ್ಬ ನರ್ತಕಿ, ಒಬ್ಬ ವೈದ್ಯೆ. ಈ ಮೂವರ ವಯಸ್ಸು, ಧರ್ಮ, ಕೌಟುಂಬಿಕ ಸ್ಥಿತಿ, ಬದುಕಿನ ಗುರಿ ಯಾವುದೂ ಒಂದರಂತೆ ಒಂದಿಲ್ಲ. ಸ್ಪರ್ಧೆ ಅವರನ್ನು ರೂಪಿಸಲಿಲ್ಲ. ರೂಪುಗೊಂಡಿದ್ದ ಅವರು ಸ್ಪರ್ಧೆಯ ಮೂಲಕ ಹಾದುಹೋದರು. ಇದನ್ನು ಸುವರ್ಣಯುಗವೆಂದು ಕೊಂಡಾಡಬೇಕಾಗಿಲ್ಲ. ಮೂವರೂ ನಗರಗಳ, ಇಂಗ್ಲಿಷ್ ಬಲ್ಲ ವಲಯದವರು. ಹಳ್ಳಿಯ ಹೆಣ್ಣಿಗೆ, ದುಡಿಯುವ ಜಾತಿಗಳ ಹೆಣ್ಣಿಗೆ ಆ ಬಾಗಿಲು ಅಂದೂ ತೆರೆದಿರಲಿಲ್ಲ. ಆದರೂ ಸ್ಪರ್ಧೆಯ ಅಚ್ಚು ಇನ್ನೂ ಗಟ್ಟಿಯಾಗಿರಲಿಲ್ಲ ಎಂಬುದು ಗಮನಾರ್ಹ.

ಪತ್ರಿಕೆ, ಮಾರುಕಟ್ಟೆ, ತರಬೇತಿ

ಸೌಂದರ್ಯ ಸ್ಪರ್ಧೆಯ ಹುಟ್ಟಿನಲ್ಲಿಯೇ ವ್ಯಾಪಾರವಿದೆ. 1951ರಲ್ಲಿ ಎರಿಕ್ ಮೋರ್ಲಿ ಲಂಡನ್ನಿನಲ್ಲಿ ಆರಂಭಿಸಿದ ವಿಶ್ವಸುಂದರಿ ಸ್ಪರ್ಧೆ ಮೂಲತಃ ಬಿಕಿನಿಯ ಪ್ರದರ್ಶನ. ಮರುವರ್ಷ ಅಮೆರಿಕದಲ್ಲಿ ಆರಂಭವಾದ ಭುವನಸುಂದರಿ ಸ್ಪರ್ಧೆಯ ಹಿಂದೆ ಇದ್ದದ್ದು ಈಜುಡುಗೆ ತಯಾರಕರು. ಭಾರತದಲ್ಲಿ ಈ ಸ್ಪರ್ಧೆಗೆ ನಿಯತ ರೂಪ ಕೊಟ್ಟವು ಮಹಿಳಾ ಪತ್ರಿಕೆಗಳು. 1959ರಲ್ಲಿ ಆರಂಭವಾದ ಫೆಮಿನಾ 1964ರಿಂದ ಭಾರತ ಸುಂದರಿ ಸ್ಪರ್ಧೆಯನ್ನು ನಡೆಸತೊಡಗಿತು. ಮೊದಲ ವಿಜೇತೆ ಮೆಹರ್ ಕ್ಯಾಸ್ಟಲಿನೋ. ಈವ್ಸ್ ವೀಕ್ಲಿ ಪತ್ರಿಕೆಯೂ ಪ್ರತ್ಯೇಕ ಸ್ಪರ್ಧೆ ನಡೆಸುತ್ತಿತ್ತು. ರೀಟಾ ಫರಿಯಾ ಬಂದದ್ದು ಅಲ್ಲಿಂದಲೇ. 1970ರಲ್ಲಿ ಏಷ್ಯಾ ಪೆಸಿಫಿಕ್ ಸುಂದರಿಯಾದ ಜೀನತ್ ಅಮಾನ್, 1984ರ ಭಾರತ ಸುಂದರಿ ಜೂಹಿ ಚಾವ್ಲಾ ಮುಂತಾದವರ ಮೂಲಕ ಕಿರೀಟದಿಂದ ಚಲನಚಿತ್ರಕ್ಕೆ ಹೋಗುವ ದಾರಿ ಸವೆದು ನುಣುಪಾಯಿತು. ಅದೇ ದಾರಿಯಲ್ಲಿ ನಡೆದ 1979ರ ವಿಜೇತೆ ಸ್ವರೂಪ್ ಸಂಪತ್ ಮುಂದೆ ಶಿಕ್ಷಣ ಕ್ಷೇತ್ರಕ್ಕೆ ತಿರುಗಿ, ಕಲಿಕೆಯ ತೊಡಕಿರುವ ಮಕ್ಕಳಿಗೆ ನಾಟಕದ ಮೂಲಕ ಕಲಿಸುವುದನ್ನು ಕುರಿತು ಪಿಎಚ್.ಡಿ. ಪಡೆದರು ಎಂಬ ಸಂಗತಿ ಸಿನಿಮಾ ಪುಟಗಳಲ್ಲಿ ಕಾಣಿಸುವುದು ಅಪರೂಪ.

1991ರ ಆರ್ಥಿಕ ಉದಾರೀಕರಣದ ನಂತರ ಚಿತ್ರ ಬದಲಾಯಿತು. ವಿದೇಶಿ ಪ್ರಸಾಧನ ಸಾಮಗ್ರಿಗಳ ಕಂಪನಿಗಳು ಭಾರತಕ್ಕೆ ಕಾಲಿಟ್ಟವು. ಉಪಗ್ರಹ ದೂರದರ್ಶನ ವಾಹಿನಿಗಳು ಮಧ್ಯಮವರ್ಗದ ಮನೆಗಳನ್ನು ಹೊಕ್ಕವು. 1994ರ ಮೇ ತಿಂಗಳಲ್ಲಿ ಮನಿಲಾದಲ್ಲಿ ಸುಷ್ಮಿತಾ ಸೇನ್ ಭುವನಸುಂದರಿಯಾದರು. ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕದ ಸನ್ ಸಿಟಿಯಲ್ಲಿ ಐಶ್ವರ್ಯಾ ರೈ ವಿಶ್ವಸುಂದರಿಯಾದರು. 1997ರಲ್ಲಿ ಡಯಾನಾ ಹೇಡನ್, 1999ರಲ್ಲಿ ಯುಕ್ತಾ ಮುಖಿ, 2000ದಲ್ಲಿ ಪ್ರಿಯಾಂಕಾ ಚೋಪ್ರಾ ವಿಶ್ವಸುಂದರಿಯರಾದರು. ಅದೇ 2000ದಲ್ಲಿ ಲಾರಾ ದತ್ತಾ ಭುವನಸುಂದರಿಯಾದರು. ಏಳು ವರ್ಷಗಳಲ್ಲಿ ಆರು ಪಟ್ಟಗಳು. ಅದಕ್ಕೆ ಹಿಂದಿನ ನಾಲ್ಕು ದಶಕಗಳಲ್ಲಿ ದೊರೆತದ್ದು ಒಂದು. ಅದರ ನಂತರ ಮುಂದಿನ ಪಟ್ಟ ಬರಲು 2017ರ ತನಕ ಕಾಯಬೇಕಾಯಿತು. ಭಾರತದ ಹೆಣ್ಣುಮಕ್ಕಳು ಆ ಏಳು ವರ್ಷ ಮಾತ್ರ ಸುಂದರಿಯರಾಗಿದ್ದರೆಂದು ನಂಬುವುದು ಕಷ್ಟ. ಮಾರುಕಟ್ಟೆ ಈ ದೇಶವನ್ನು ಅರಸಿ ಬಂದ ಕಾಲಕ್ಕೂ ಕಿರೀಟಗಳು ಬಂದ ಕಾಲಕ್ಕೂ ಇರುವ ಹೊಂದಾಣಿಕೆಯನ್ನು ಅಲ್ಲಗಳೆಯಲಾಗದು. ಆದರೆ ಅದೊಂದೇ ಕಾರಣವೆಂದರೆ ಆ ಆರು ಹೆಣ್ಣುಮಕ್ಕಳ ಶ್ರಮ, ಧೈರ್ಯ, ಬುದ್ಧಿವಂತಿಕೆಗಳನ್ನು ಅಳಿಸಿಹಾಕಿದಂತಾಗುತ್ತದೆ. ದೆಹಲಿಯ ಸರೋಜಿನಿ ನಗರದ ಮಾರುಕಟ್ಟೆಯಿಂದ ಬಟ್ಟೆ ತಂದು, ನೆರೆಯ ಸಾಮಾನ್ಯ ದರ್ಜಿಯಿಂದ ಹೊಲಿಸಿಕೊಂಡ ಉಡುಪು ತೊಟ್ಟು ಭಾರತ ಸುಂದರಿ ಸ್ಪರ್ಧೆಗೆ ಬಂದದ್ದಾಗಿ ಸುಷ್ಮಿತಾ ಸೇನ್ ಹೇಳಿಕೊಂಡಿದ್ದಾರೆ. ಆ ಹದಿನೆಂಟರ ಹುಡುಗಿಯನ್ನು ಬಂಡವಾಳದ ಗೊಂಬೆ ಎಂದಷ್ಟೇ ಕರೆದರೆ ವಿಶ್ಲೇಷಣೆ ಪೂರ್ಣವಾಗುವುದಿಲ್ಲ.

ಈ ಗೆಲುವುಗಳು ತಂದ ನಿಜವಾದ ಬದಲಾವಣೆ ತರಬೇತಿ. ನಡಿಗೆಗೆ, ಉಚ್ಚಾರಣೆಗೆ, ಹಲ್ಲಿಗೆ, ಚರ್ಮಕ್ಕೆ, ಕೊನೆಗೆ ಉತ್ತರಕ್ಕೂ ತಜ್ಞರು ನೇಮಕಗೊಂಡರು. ಮೊದಲಿನವರು ತಮ್ಮ ತಮ್ಮ ಬದುಕಿನಿಂದ ಸ್ಪರ್ಧೆಗೆ ಬಂದಿದ್ದರೆ, ಈಗಿನವರು ಸ್ಪರ್ಧೆಗಾಗಿ ತಯಾರಾಗತೊಡಗಿದರು.

ಉತ್ತರದ ಚರಿತ್ರೆ

ಭಾಷೆಯ ವಿದ್ಯಾರ್ಥಿಗಳಿಗೆ ಈ ಸ್ಪರ್ಧೆಯಲ್ಲಿ ಅತ್ಯಂತ ಕುತೂಹಲಕರವಾದ ಭಾಗ ಪ್ರಶ್ನೋತ್ತರದ ಸುತ್ತು. ಹೆಣ್ಣಿನ ಬುದ್ಧಿಯನ್ನೂ ಗೌರವಿಸುತ್ತೇವೆ ಎಂದು ಸಂಘಟಕರು ತೋರಿಸಿಕೊಳ್ಳುವುದು ಈ ಸುತ್ತಿನ ಮೂಲಕ. ಆದರೆ ಅಲ್ಲಿ ಯಾವ ಉತ್ತರ ಗೆದ್ದಿತು, ಯಾವುದು ಸೋತಿತು?

1992ರಲ್ಲಿ ಬ್ಯಾಂಕಾಕಿನಲ್ಲಿ ನಡೆದ ಭುವನಸುಂದರಿ ಸ್ಪರ್ಧೆಯ ಕೊನೆಯ ಸುತ್ತಿಗೆ ಮಧು ಸಪ್ರೆ ತಲುಪಿದ್ದರು. ದೇಶದ ನಾಯಕಿಯಾದರೆ ಮೊದಲು ಏನು ಮಾಡುವಿರಿ ಎಂಬುದು ಪ್ರಶ್ನೆ. ಕ್ರೀಡಾಪಟುವಾಗಿದ್ದ ಅವರು ತಮ್ಮ ದೇಶದಲ್ಲಿ ಅಂತಹ ಸೌಲಭ್ಯವಿಲ್ಲವೆಂದೂ ಒಳ್ಳೆಯ ಕ್ರೀಡಾಂಗಣವೊಂದನ್ನು ಕಟ್ಟಿಸುವೆನೆಂದೂ ಉತ್ತರಿಸಿದರು. ಅವರಿಗೆ ಮೂರನೆಯ ಸ್ಥಾನ ದೊರೆಯಿತು. ಆ ಉತ್ತರವೇ ಕಿರೀಟ ತಪ್ಪಿಸಿತು, ಬಡತನದ ಬಗ್ಗೆ ಮಾತನಾಡಬೇಕಿತ್ತು ಎಂಬ ಮಾತು ಅಂದಿನಿಂದಲೂ ಚಾಲ್ತಿಯಲ್ಲಿದೆ. ಆದರೆ ಆ ಉತ್ತರದಲ್ಲಿ ತಪ್ಪೇನಿತ್ತು? ಓಡಲು ಬಯಲಿಲ್ಲದ ದೇಶದಲ್ಲಿ ಓಡಬಯಸಿದ ಹುಡುಗಿಯೊಬ್ಬಳ ಅನುಭವದ ಮಾತದು. ತನಗೆ ಸುಲಲಿತವಲ್ಲದ ಇಂಗ್ಲಿಷಿನಲ್ಲಿ ಆಕೆ ಹೇಳಿದ್ದು ತನ್ನದೇ ಮಾತನ್ನು.

ಎರಡು ವರ್ಷಗಳ ನಂತರ ಹೆಣ್ಣಾಗಿರುವುದರ ಸಾರವೇನು ಎಂದು ಸುಷ್ಮಿತಾ ಸೇನ್ ಅವರನ್ನು ಕೇಳಲಾಯಿತು. ಹೆಣ್ಣಾಗಿರುವುದೇ ದೇವರ ಕೊಡುಗೆ, ಮಗುವಿನ ಮೂಲ ತಾಯಿ, ಪ್ರೀತಿ ಹಂಚಿಕೊಳ್ಳುವುದನ್ನು ಪುರುಷನಿಗೆ ಕಲಿಸುವವಳು ಅವಳೇ ಎಂಬ ಆಶಯದ ಉತ್ತರಕ್ಕೆ ಕಿರೀಟ ಸಂದಿತು. 2017ರಲ್ಲಿ ಚೀನಾದ ಸಾನ್ಯಾ ನಗರದಲ್ಲಿ ಅತಿಹೆಚ್ಚು ಸಂಬಳಕ್ಕೆ ಅರ್ಹವಾದ ವೃತ್ತಿ ಯಾವುದೆಂಬ ಪ್ರಶ್ನೆಗೆ ಮಾನುಷಿ ಛಿಲ್ಲರ್ ತಾಯಿಯ ಹೆಸರನ್ನು ಹೇಳಿ ವಿಶ್ವಸುಂದರಿಯಾದರು. 2000ದಲ್ಲಿ ಪ್ರಿಯಾಂಕಾ ಚೋಪ್ರಾ, ಇಂದು ಬದುಕಿರುವ ಮಹಿಳೆಯರಲ್ಲಿ ಅತ್ಯಂತ ಯಶಸ್ವಿ ಯಾರು ಎಂಬ ಪ್ರಶ್ನೆಗೆ ಮದರ್ ತೆರೇಸಾ ಎಂದಿದ್ದರು. ಮದರ್ ತೆರೇಸಾ 1997ರಲ್ಲಿಯೇ ತೀರಿಕೊಂಡಿದ್ದರು. ಆದರೂ ಕಿರೀಟ ತಪ್ಪಲಿಲ್ಲ. ನಿಜವಾದ ಉತ್ತರಕ್ಕಿಂತ ಭಾವಕ್ಕೆ ಹೊಂದುವ ಉತ್ತರ ಸಾಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ. ಸುಷ್ಮಿತಾ, ಮಾನುಷಿ ಇಬ್ಬರ ಉತ್ತರಗಳಲ್ಲಿ ತಾಯಿಯೇ ಬರುತ್ತಾಳೆ; ಪ್ರಿಯಾಂಕಾ ಹೆಸರಿಸಿದ ಸಂನ್ಯಾಸಿನಿಯನ್ನೂ ಲೋಕ ಕರೆದದ್ದು ಮದರ್ ಎಂದೇ.

ಈ ಉತ್ತರಗಳು ಅಪ್ರಾಮಾಣಿಕವೆಂದು ಹೇಳಲು ಯಾರಿಗೂ ಅಧಿಕಾರವಿಲ್ಲ. ಸುಷ್ಮಿತಾ ಸೇನ್ 2000ದಲ್ಲಿ, ಮದುವೆಯಾಗದೆ, ಒಂದು ಹೆಣ್ಣುಮಗುವನ್ನು ದತ್ತು ಪಡೆದು ತಮ್ಮ ಉತ್ತರಕ್ಕೆ ತಮ್ಮದೇ ಅರ್ಥ ಕೊಟ್ಟರು. ಪ್ರಶ್ನೆ ಇರುವುದು ವ್ಯವಸ್ಥೆಯ ಬಗ್ಗೆ. ತಾಯ್ತನವನ್ನು ಹೊಗಳಿದವಳಿಗೆ ಕಿರೀಟ ಕೊಟ್ಟ ಇದೇ ಸ್ಪರ್ಧೆಗಳು ತಾಯಿಯಾದವಳನ್ನು ಬಾಗಿಲಲ್ಲೇ ತಡೆಯುತ್ತಿದ್ದವು. 2018ರಲ್ಲಿ ಉಕ್ರೇನಿನ ಸುಂದರಿ ವೆರೊನಿಕಾ ಡಿಡುಸೆಂಕೊ ಮಗುವಿನ ತಾಯಿಯೆಂದು ತಿಳಿದಾಗ ಅವರ ಪಟ್ಟವನ್ನು ಕಿತ್ತುಕೊಳ್ಳಲಾಯಿತು. ವಿವಾಹಿತೆಯರಿಗೂ ತಾಯಂದಿರಿಗೂ ಭುವನಸುಂದರಿ ಸ್ಪರ್ಧೆ ತೆರೆದದ್ದು 2023ರಲ್ಲಿ. ವಯಸ್ಸಿನ ಮೇಲ್ಮಿತಿಯನ್ನು ತೆಗೆದದ್ದು 2024ರಲ್ಲಿ. ಇದನ್ನು ಕ್ರಾಂತಿಕಾರಕ ಸುಧಾರಣೆಯೆಂದು ಜಗತ್ತು ಕೊಂಡಾಡಿತು. ಆದರೆ ಭಾರತದ ಮೊದಲ ಸುಂದರಿ ಮೂವತ್ತು ದಾಟಿದ ತಾಯಿಯಾಗಿದ್ದರು. ಭುವನಸುಂದರಿ ಸ್ಪರ್ಧೆಯ ಮೊದಲ ವರ್ಷದ ಭಾರತೀಯ ಸ್ಪರ್ಧಿಯೂ ತಾಯಿಯಾಗಿದ್ದರು. ಮರೆತುಹೋದ ಚರಿತ್ರೆಯೇ ಹೊಸ ಸುಧಾರಣೆಯ ವೇಷದಲ್ಲಿ ಮರಳಿತು.

ಬೆಂಗಳೂರು, 1996

ಈ ಹಿನ್ನೆಲೆಯಲ್ಲಿ 1996ರ ಬೆಂಗಳೂರಿಗೆ ಹಿಂದಿರುಗಬಹುದು. ಆಗ ಎಚ್.ಡಿ. ದೇವೇಗೌಡರು ಪ್ರಧಾನಿ; ಜೆ.ಎಚ್. ಪಟೇಲರು ಮುಖ್ಯಮಂತ್ರಿ. ಅಮಿತಾಭ್ ಬಚ್ಚನ್ ಅವರ ಕಂಪನಿ ಸ್ಪರ್ಧೆಯ ಸಂಘಟನೆಯ ಹೊಣೆ ಹೊತ್ತಿತ್ತು. ಅದೇ ವರ್ಷದ ಜನವರಿಯಲ್ಲಿ ಬೆಂಗಳೂರಿನ ಕೆಂಟುಕಿ ಚಿಕನ್ ಮಳಿಗೆಯ ಮೇಲೆ ದಾಳಿ ಮಾಡಿದ್ದ ರೈತ ಸಂಘ, ಸ್ಪರ್ಧೆಯನ್ನೂ ಬಹುರಾಷ್ಟ್ರೀಯ ಆಕ್ರಮಣದ ಭಾಗವಾಗಿ ಕಂಡಿತು. ಭಾರತೀಯ ನಾರಿಯ ಗೌರವದ ಹೆಸರಿನಲ್ಲಿ ಬಲಪಂಥೀಯ ಸಂಘಟನೆಗಳು ವಿರೋಧಿಸಿದವು. ಹೆಣ್ಣಿನ ಸರಕೀಕರಣವನ್ನು ಖಂಡಿಸಿ ಸ್ತ್ರೀವಾದಿ ಹಾಗೂ ಎಡಪಂಥೀಯ ಸಂಘಟನೆಗಳು ವಿರೋಧಿಸಿದವು. ಮದುರೈನಲ್ಲಿ ಯುವಕನೊಬ್ಬ ಪ್ರತಿಭಟನೆಯಾಗಿ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ. ಈಜುಡುಗೆಯ ಸುತ್ತನ್ನು ಸೀಶೆಲ್ಸ್ ದ್ವೀಪಗಳಿಗೆ ಸ್ಥಳಾಂತರಿಸಲಾಯಿತು. ಸಾವಿರಾರು ಪೊಲೀಸರ ಕಾವಲಿನಲ್ಲಿ ಸ್ಪರ್ಧೆ ನಡೆದು ಗ್ರೀಸಿನ ಐರೀನ್ ಸ್ಕ್ಲಿವಾ ಗೆದ್ದರು. ಸಂಘಟಿಸಿದ ಕಂಪನಿ ನಷ್ಟಕ್ಕೆ ಗುರಿಯಾಯಿತು.

ಈಜುಡುಗೆಯ ಸುತ್ತನ್ನು ದ್ವೀಪಕ್ಕೆ ಕಳುಹಿಸಿದ ಪರಿಹಾರ ಅರ್ಥಗರ್ಭಿತವಾದದ್ದು. ಅಳೆಯುವುದು ನಿಲ್ಲಲಿಲ್ಲ; ಅಳೆಯುವ ಜಾಗ ಮಾತ್ರ ಕಣ್ಣಿಗೆ ಮರೆಯಾಯಿತು. ಸಂಸ್ಕೃತಿ ಉಳಿಯಿತೆಂದು ಕೆಲವರು ಸಮಾಧಾನಪಟ್ಟರು. ಇಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಹೆಣ್ಣನ್ನು ಸಾಲಿನಲ್ಲಿ ನಿಲ್ಲಿಸಿ ಅಳೆಯುವುದು ನಿಜವಾಗಿಯೂ ಈ ಸಂಸ್ಕೃತಿಗೆ ಎರವಾದದ್ದೇ? ವಧುಪರೀಕ್ಷೆ ಎಂಬ ಪದವನ್ನು ಕನ್ನಡ ಯಾರಿಂದಲೂ ಸಾಲ ಪಡೆದಿಲ್ಲ. ಹುಡುಗಿ ಕುಂಟುತ್ತಾಳೋ ಎಂದು ನಡೆಸಿ ನೋಡುವುದು, ಕಂಠ ಹೇಗಿದೆಯೆಂದು ಹಾಡಿಸುವುದು, ಜಡೆಯ ಉದ್ದ ನೋಡುವುದು, ಅಡುಗೆ ಬರುತ್ತದೆಯೋ ಎಂದು ನಾಲ್ಕು ಜನರೆದುರು ಕೇಳುವುದು, ಇವೆಲ್ಲ ನಮ್ಮ ಪಡಸಾಲೆಗಳಲ್ಲಿ ತಲೆಮಾರುಗಳಿಂದ ನಡೆದುಬಂದವು. ನಡಿಗೆಯ ಸುತ್ತು, ಪ್ರತಿಭೆಯ ಸುತ್ತು, ಪ್ರಶ್ನೋತ್ತರದ ಸುತ್ತು ಮೂರೂ ಅಲ್ಲಿವೆ. ದೀಪಾಲಂಕಾರ ಮಾತ್ರ ಇಲ್ಲ. ತಟ್ಟೆಯಲ್ಲಿ ಉಪ್ಪಿಟ್ಟು ಹಿಡಿದು ಬಂದ ಹುಡುಗಿ ಬಣ್ಣ ಕಡಿಮೆಯೆಂಬ ಕಾರಣಕ್ಕೆ ತಿರಸ್ಕೃತಳಾದ ಕಥೆಯನ್ನು ಕನ್ನಡದ ಲೇಖಕಿಯರು ಮತ್ತೆ ಮತ್ತೆ ಬರೆದಿದ್ದಾರೆ. ಚರ್ಮ ಬೆಳ್ಳಗಾಗಿಸುವ ಫೇರ್ ಅಂಡ್ ಲವ್ಲಿ ಭಾರತದ ಮಾರುಕಟ್ಟೆಗೆ ಬಂದದ್ದು 1975ರಲ್ಲಿ, ಉದಾರೀಕರಣಕ್ಕೆ ಒಂದೂವರೆ ದಶಕ ಮುಂಚೆ. ಅದು 'ಫೇರ್' ಎಂಬ ಪದವನ್ನು ಬಿಟ್ಟದ್ದು 2020ರಲ್ಲಿ. ಸೌಂದರ್ಯ ಸ್ಪರ್ಧೆ ಹೊರಗಿನಿಂದ ತಂದದ್ದು ಅಳತೆಗೋಲನ್ನಲ್ಲ, ಬಹುಮಾನವನ್ನು. ವಧುಪರೀಕ್ಷೆಯಲ್ಲಿ ಗೆದ್ದವಳ ಮನೆಯವರು ವರದಕ್ಷಿಣೆ ಕೊಡಬೇಕು. ಇಲ್ಲಿ ಗೆದ್ದವಳಿಗೆ ಹಣ ದೊರೆಯುತ್ತದೆ. ಸಣ್ಣ ಊರುಗಳ ಎಷ್ಟೋ ಹುಡುಗಿಯರಿಗೆ ಈ ವೇದಿಕೆ ಬಿಡುಗಡೆಯಂತೆ ಕಂಡಿದ್ದರೆ ಅದಕ್ಕೆ ಈ ವ್ಯತ್ಯಾಸ ಕಾರಣ. ವಿರೋಧಿಸಿದವರು ಈ ಆಕರ್ಷಣೆಯ ಮೂಲವನ್ನು ಅರಿಯದೆ ಹುಡುಗಿಯರನ್ನೇ ದೂಷಿಸಿದಂತಾಯಿತು.

ಸ್ತ್ರೀವಾದಿ ವಿರೋಧದ ಪರಂಪರೆಯಲ್ಲಿಯೂ ಈ ತೊಡಕು ಇದ್ದೇ ಇದೆ. 1970ರ ನವೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ ಸ್ತ್ರೀವಿಮೋಚನಾ ಚಳವಳಿಯ ಕಾರ್ಯಕರ್ತೆಯರು ಹಿಟ್ಟಿನ ಪೊಟ್ಟಣಗಳನ್ನೆಸೆದು ವಿಶ್ವಸುಂದರಿ ಸ್ಪರ್ಧೆಯನ್ನು ಅಡ್ಡಿಪಡಿಸಿದರು. ಅಂದಿನ ನಿರೂಪಕ ರೀಟಾ ಫರಿಯಾ ಅವರನ್ನು ವಿಯೆಟ್ನಾಮಿಗೆ ಕರೆದೊಯ್ದಿದ್ದ ಅದೇ ಬಾಬ್ ಹೋಪ್. ಆ ರಾತ್ರಿ ಗೆದ್ದವರು ಗ್ರೆನಡಾ ದ್ವೀಪದ ಜೆನಿಫರ್ ಹೋಸ್ಟನ್, ವಿಶ್ವಸುಂದರಿಯಾದ ಮೊದಲ ಕಪ್ಪು ಮಹಿಳೆ. ಮುಂದೆ ಅವರು ತಮ್ಮ ದೇಶದ ರಾಯಭಾರಿಯೂ ಆದರು. ಹಿಟ್ಟು ಎಸೆದವರ ಕೋಪ ನ್ಯಾಯವಾದದ್ದು. ಬಿಳಿಯರ ಅಳತೆಗೋಲಿನೆದುರು ನಿಂತು ಗೆದ್ದವಳ ಹೆಮ್ಮೆಯೂ ನ್ಯಾಯವಾದದ್ದು. ಈ ಎರಡನ್ನೂ ಒಟ್ಟಿಗೆ ಹಿಡಿಯಬಲ್ಲ ವಿಮರ್ಶೆ ನಮಗೆ ಬೇಕಾಗಿದೆ.

ನೀಲಾಂಜನೆ ಮತ್ತು ಅಕ್ಕ

ಕನ್ನಡ ಕಾವ್ಯ ಪರಂಪರೆ ಇಂತಹ ವಿಮರ್ಶೆಗೆ ನೆರವಾಗಬಲ್ಲದು. ನಖಶಿಖಾಂತ ವರ್ಣನೆಯ ಪರಂಪರೆಯೂ ನಮ್ಮದೇ. ಅಂಗಾಂಗಗಳಿಗೆ ಉಪಮಾನ ಕಟ್ಟಿ ಹೆಣ್ಣನ್ನು ಬಿಡಿಬಿಡಿಯಾಗಿ ನೋಡಿದ ಕವಿಗಳಿಗೆ ಕೊರತೆಯಿಲ್ಲ. ಆದರೆ ಅದೇ ಪರಂಪರೆಯಲ್ಲಿ ನೋಟವನ್ನೇ ಪ್ರಶ್ನಿಸಿದ ಸಂದರ್ಭಗಳಿವೆ. 941ರಲ್ಲಿ ಪಂಪ ರಚಿಸಿದ ಆದಿಪುರಾಣದ ನೀಲಾಂಜನೆಯ ಪ್ರಸಂಗ ಅವುಗಳಲ್ಲಿ ಮುಖ್ಯವಾದದ್ದು. ಆದಿದೇವನ ಆಸ್ಥಾನದಲ್ಲಿ ನರ್ತಿಸುತ್ತಿದ್ದ ದೇವನರ್ತಕಿ ನೀಲಾಂಜನೆಯ ಆಯುಷ್ಯ ನಡುವೆಯೇ ತೀರುತ್ತದೆ, ಅವಳು ಮಾಯವಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರ ಆ ಕ್ಷಣವೇ ಅವಳಂತೆಯೇ ಇರುವ ಇನ್ನೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆಗೆ ತಿಳಿಯುವುದಿಲ್ಲ. ತಿಳಿಯುವುದು ಆದಿದೇವನಿಗೆ ಮಾತ್ರ. ಅವನಿಗೆ ವೈರಾಗ್ಯ ಹುಟ್ಟುತ್ತದೆ. ಪಂಪನ ಉದ್ದೇಶ ಸಂಸಾರದ ಅನಿತ್ಯತೆಯನ್ನು ತೋರುವುದು. ಆದರೆ ಒಬ್ಬ ಹೆಣ್ಣು ಹೋಗಿ ಇನ್ನೊಬ್ಬಳು ಬಂದರೂ ಗುರುತಿಸಲಾರದ ಸಭೆಯ ಚಿತ್ರ ಇಂದಿನ ಓದುಗರಿಗೆ ಬೇರೆಯದನ್ನೂ ಹೇಳುತ್ತದೆ. 2019ರ ಮೇ ತಿಂಗಳಲ್ಲಿ ಭಾರತ ಸುಂದರಿ ಸ್ಪರ್ಧೆಯ ಅಂತಿಮ ಹಂತದ 30 ಯುವತಿಯರ ಭಾವಚಿತ್ರಗಳು ಪತ್ರಿಕೆಯಲ್ಲಿ ಒಟ್ಟಿಗೆ ಅಚ್ಚಾದಾಗ, ಎಲ್ಲರೂ ಒಂದೇ ಬಣ್ಣ, ಒಂದೇ ಬಗೆಯ ಕೂದಲು, ಒಂದೇ ಮುಖದವರಂತೆ ಕಾಣುತ್ತಾರೆಂದು ದೇಶದಾದ್ಯಂತ ಟೀಕೆ ಬಂತು. ಪ್ರತಿ ರಾಜ್ಯದಿಂದ ಆಯ್ಕೆಯಾಗಿ ಬಂದವರವರು. ಆದರೆ ರಾಜ್ಯಗಳ ವೈವಿಧ್ಯ ಇದ್ದದ್ದು ಹೆಸರುಪಟ್ಟಿಯಲ್ಲಿ ಮಾತ್ರ.

ಇನ್ನೊಂದು ಸಂದರ್ಭ ಅಕ್ಕಮಹಾದೇವಿಯದು. ಶೂನ್ಯಸಂಪಾದನೆಗಳಲ್ಲಿ ಅಲ್ಲಮಪ್ರಭು ಅಕ್ಕನನ್ನು ಸಭೆಯ ನಡುವೆ ನಿಲ್ಲಿಸಿ ಪ್ರಶ್ನಿಸುತ್ತಾನೆ. ನಿನ್ನ ಪತಿ ಯಾರು, ಉಡುಗೆಯನ್ನು ತೊರೆದವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂಬ ಪ್ರಶ್ನೆಗಳೂ ದೇಹದ ಸುತ್ತಲಿನವೇ. ಅಕ್ಕ ಸಭೆಗೆ ಪ್ರಿಯವಾದ ಉತ್ತರ ಕೊಡುವುದಿಲ್ಲ. ಪ್ರಶ್ನೆಯ ನೆಲೆಯನ್ನೇ ಬದಲಿಸುತ್ತಾಳೆ. ಎರಡು ಸಭೆಗಳನ್ನು ಸಮೀಕರಿಸುವುದು ಸರಿಯಲ್ಲ. ಒಂದರಲ್ಲಿ ಅನುಭಾವದ ಹುಡುಕಾಟವಿದೆ, ಇನ್ನೊಂದರಲ್ಲಿ ವ್ಯವಹಾರವಿದೆ. ಆದರೆ ಉತ್ತರ ಯಾರದು ಎಂಬ ಪ್ರಶ್ನೆಯನ್ನು ಎರಡು ಕಡೆಯೂ ಕೇಳಬಹುದು.

ನಾಡಿನ ಸಂಬಂಧ

ಕರ್ನಾಟಕಕ್ಕೂ ಈ ಚರಿತ್ರೆಗೂ ಇರುವ ನಂಟು 1996ಕ್ಕೆ ಸೀಮಿತವಲ್ಲ. ಐಶ್ವರ್ಯಾ ರೈ ಹುಟ್ಟಿದ್ದು ಮಂಗಳೂರಿನಲ್ಲಿ, ಮನೆಮಾತು ತುಳು; ಬೆಳೆದದ್ದು ಮುಂಬಯಿಯಲ್ಲಿ. ಲಾರಾ ದತ್ತಾ ಶಾಲೆ ಕಲಿತದ್ದು ಬೆಂಗಳೂರಿನಲ್ಲಿ. 2022ರಲ್ಲಿ ಕರ್ನಾಟಕವನ್ನು ಪ್ರತಿನಿಧಿಸಿ ಭಾರತ ಸುಂದರಿಯಾದ ಸಿನಿ ಶೆಟ್ಟಿ ಹುಟ್ಟಿದ್ದು ಮುಂಬಯಿಯಲ್ಲಿ, ಕುಟುಂಬದ ಬೇರು ಕರಾವಳಿಯಲ್ಲಿ. ಅವರು ಭರತನಾಟ್ಯ ಕಲಾವಿದೆಯೂ ಹೌದು. ಹೋಟೆಲು, ಉದ್ಯೋಗಗಳಿಗಾಗಿ ಕರಾವಳಿಯಿಂದ ಮುಂಬಯಿಗೆ ನಡೆದ ವಲಸೆಯ ಚರಿತ್ರೆ ಈ ಕಿರೀಟಗಳ ಹಿಂದೆಯೂ ಇದೆ. ಪಟ್ಟ ಬಂದಾಗ ನಾಡು ಇವರನ್ನು ತನ್ನ ಮಗಳೆಂದು ಕರೆಯುತ್ತದೆ. ಆದರೆ ರಾಯಚೂರಿನಲ್ಲೋ ಚಾಮರಾಜನಗರದಲ್ಲೋ ಹುಟ್ಟಿ, ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಆ ವೇದಿಕೆಯಲ್ಲಿ ಎಡೆಯಿದೆಯೇ ಎಂದು ಕೇಳುವುದಿಲ್ಲ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಅನೇಕ ದೇಶಗಳ ಯುವತಿಯರು ದುಭಾಷಿಯ ನೆರವಿನಿಂದ ತಮ್ಮ ಭಾಷೆಯಲ್ಲೇ ಉತ್ತರಿಸಿ ಗೆದ್ದಿದ್ದಾರೆ. ಭಾರತದವರಿಗೆ ಮಾತ್ರ ಇಂಗ್ಲಿಷೇ ಸೌಂದರ್ಯದ ಒಂದು ಅಂಗವಾಗಿದೆ. ವಿಜೇತೆಯರ ಪಟ್ಟಿಯಲ್ಲಿ ದಲಿತ, ಆದಿವಾಸಿ, ಹಿಂದುಳಿದ ವರ್ಗಗಳ ಹೆಣ್ಣುಮಕ್ಕಳೆಲ್ಲಿ ಎಂಬ ಪ್ರಶ್ನೆಯನ್ನು 2024ರಲ್ಲಿ ರಾಹುಲ್ ಗಾಂಧಿ ಎತ್ತಿದಾಗ ಅದು ರಾಜಕೀಯ ಗೇಲಿಗೆ ಗುರಿಯಾಯಿತು. ಗೇಲಿ ಮಾಡಿದ ಮಾತ್ರಕ್ಕೆ ಪ್ರಶ್ನೆ ಇಲ್ಲವಾಗುವುದಿಲ್ಲ.

2022ರ ಇನ್ನೊಂದು ಘಟನೆ ಈ ನಾಡಿಗೆ ಹೆಚ್ಚು ಹತ್ತಿರವಾದದ್ದು. ಆ ವರ್ಷದ ಆರಂಭದಲ್ಲಿ ಉಡುಪಿಯ ಕಾಲೇಜಿನಿಂದ ಹಬ್ಬಿದ ಹಿಜಾಬ್ ವಿವಾದ ರಾಜ್ಯವನ್ನೇ ಆವರಿಸಿತ್ತು. 2021ರ ಡಿಸೆಂಬರಿನಲ್ಲಿ ಇಸ್ರೇಲಿನ ಐಲಾತ್ ನಗರದಲ್ಲಿ ಭುವನಸುಂದರಿಯಾಗಿದ್ದ ಹರ್ನಾಜ್ ಸಂಧು ಅವರನ್ನು ಮುಂಬಯಿಯ ಕಾರ್ಯಕ್ರಮವೊಂದರಲ್ಲಿ ಪತ್ರಕರ್ತರು ಆ ಬಗ್ಗೆ ಕೇಳಿದರು. ರಾಜಕೀಯ ಪ್ರಶ್ನೆ ಬೇಡವೆಂದು ಸಂಘಟಕರು ತಡೆಯಲು ನೋಡಿದರು. ಆದರೂ ಹರ್ನಾಜ್ ಉತ್ತರಿಸಿದರು: ಯಾವಾಗಲೂ ಹುಡುಗಿಯರನ್ನೇ ಏಕೆ ಗುರಿಯಾಗಿಸುತ್ತೀರಿ, ಅವಳು ಬಯಸಿದಂತೆ ಬದುಕಲು ಬಿಡಿ ಎಂಬುದು ಅವರ ಮಾತಿನ ತಾತ್ಪರ್ಯ. ಅದೇ ತಿಂಗಳುಗಳಲ್ಲಿ ಅವರ ಮೈತೂಕ ಹೆಚ್ಚಿದ್ದನ್ನು ಜನ ಹಂಗಿಸುತ್ತಿದ್ದರು. ತಮಗೆ ಸೀಲಿಯಾಕ್ ಕಾಯಿಲೆಯಿದೆಯೆಂದು ಅವರು ಬಹಿರಂಗವಾಗಿ ಹೇಳಬೇಕಾಯಿತು. ತರಬೇತಿಯಿಲ್ಲದ, ತೀರ್ಪುಗಾರರಿಲ್ಲದ ಆ ಉತ್ತರ ಮಧು ಸಪ್ರೆ ಅವರ ಉತ್ತರದಂತೆ ಸ್ವಂತದ್ದು. 1996ರಲ್ಲಿ ಹೆಣ್ಣಿನ ಬಟ್ಟೆ ಕಡಿಮೆಯಾಯಿತೆಂದು ಕಲಕಿದ ನಾಡು 2022ರಲ್ಲಿ ಹೆಚ್ಚಾಯಿತೆಂದು ಕಲಕಿತು. ಎರಡು ಸಲವೂ ಅವಳನ್ನು ಕೇಳಿ ನಿರ್ಧರಿಸಬೇಕೆಂದು ಹೆಚ್ಚಿನವರಿಗೆ ತೋರಲಿಲ್ಲ.

ಸಮಾರೋಪ

1996ರ ನಂತರ ವಿಶ್ವಸುಂದರಿ ಸ್ಪರ್ಧೆ ಭಾರತಕ್ಕೆ ಮರಳಿದ್ದು 2024ರ ಮಾರ್ಚಿನಲ್ಲಿ, ಮುಂಬಯಿಗೆ. 2025ರ ಮೇ ತಿಂಗಳಲ್ಲಿ ಅದು ಹೈದರಾಬಾದಿನಲ್ಲಿ ನಡೆಯಿತು. ಥಾಯ್ಲೆಂಡಿನ ಓಪಲ್ ಸುಚಾತಾ ಗೆದ್ದರು. ಹಿಂದಿನ ಪ್ರಮಾಣದ ಪ್ರತಿಭಟನೆ ಇರಲಿಲ್ಲ. ಆದರೆ ಎರಡು ಸಂಗತಿಗಳು ಸುದ್ದಿಯಾದವು. ಕಾಕತೀಯರ ಕಾಲದ ರಾಮಪ್ಪ ದೇವಾಲಯಕ್ಕೆ ಸ್ಪರ್ಧಿಗಳು ಬಂದಾಗ ಸ್ಥಳೀಯ ಮಹಿಳೆಯರು ಅವರ ಕಾಲಿಗೆ ನೀರೆರೆದು ಒರೆಸಿದ ದೃಶ್ಯ ತೀವ್ರ ಟೀಕೆಗೆ ಗುರಿಯಾಯಿತು. ಇಂಗ್ಲೆಂಡಿನ ಸ್ಪರ್ಧಿ ಮಿಲ್ಲಾ ಮ್ಯಾಗಿ ಸ್ಪರ್ಧೆಯ ನಡುವೆಯೇ ಹಿಂದಿರುಗಿ, ಅಲ್ಲಿ ತಮ್ಮನ್ನು ನಡೆಸಿಕೊಂಡ ರೀತಿಯನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಸಂಘಟಕರು ಆ ಆರೋಪವನ್ನು ನಿರಾಕರಿಸಿದರು. ಒಂದು ಕಡೆ ಕಾಲು ತೊಳೆದ ಹೆಣ್ಣು, ಇನ್ನೊಂದು ಕಡೆ ಕಿರೀಟವನ್ನು ಬಿಟ್ಟು ನಡೆದ ಹೆಣ್ಣು. ಎರಡನೆಯವರ ಮಾತು ಪತ್ರಿಕೆಗಳಲ್ಲಿ ಬಂತು. ಕಾಲು ತೊಳೆದವರಿಗೆ ಏನನಿಸಿತೆಂಬುದು ಟೀಕಿಸಿದವರ ಬರಹಗಳಲ್ಲಿಯೂ ವಿರಳವಾಗಿತ್ತು.

ಸೌಂದರ್ಯ ಸ್ಪರ್ಧೆಯನ್ನು ಸಮರ್ಥಿಸುವುದು ಈ ಚರ್ಚೆಯ ಇಂಗಿತವಲ್ಲ. ಹೆಣ್ಣನ್ನು ಅಳೆದು ಅಂಕ ಹಾಕುವ ವ್ಯವಸ್ಥೆ, ಅದು ಸಭಾಂಗಣದಲ್ಲಿರಲಿ ಪಡಸಾಲೆಯಲ್ಲಿರಲಿ, ವಿರೋಧಕ್ಕೆ ಅರ್ಹವಾದದ್ದೇ. ಆದರೆ ವಿರೋಧ ಅವಳ ಮಾತನ್ನು ಕೇಳಿಸಿಕೊಂಡು ಮೊದಲಾಗಬೇಕು. 1996ರ ಚಳವಳಿಯಲ್ಲಿ ಭಾಗವಹಿಸಿದ ಮಹಿಳೆಯರು, ಅದೇ ವರ್ಷಗಳಲ್ಲಿ ಸ್ಪರ್ಧೆಗಳಲ್ಲಿ ನಿಂತ ಯುವತಿಯರು ಇಂದು ನಡುವಯಸ್ಸು ದಾಟಿದ್ದಾರೆ. ಇವರಿಬ್ಬರ ಮೌಖಿಕ ನಿರೂಪಣೆಗಳನ್ನೂ ಸಂಗ್ರಹಿಸುವ ಕೆಲಸಕ್ಕೆ ಕನ್ನಡ ಅಧ್ಯಯನ ವಿಭಾಗಗಳು ಮುಂದಾಗಬೇಕು. ವಧುಪರೀಕ್ಷೆಯ ಕಥೆಗಳನ್ನೂ ಸೌಂದರ್ಯ ಸ್ಪರ್ಧೆಯ ವರದಿಗಳನ್ನೂ ಒಂದೇ ಪಠ್ಯದಂತೆ ಎದುರುಬದುರಿಟ್ಟು ಓದಬೇಕು. ಹಾಗಾಗದಿದ್ದರೆ ಒಬ್ಬಳು ಹೋಗಿ ಇನ್ನೊಬ್ಬಳು ಬಂದದ್ದನ್ನು ತಿಳಿಯದ ಆ ಸಭೆಯಲ್ಲಿ ಕಿರೀಟ ತೊಡಿಸುವವರ ಜೊತೆಗೆ ಅದನ್ನು ಖಂಡಿಸುವವರೂ ಕುಳಿತಿರುತ್ತಾರೆ.